ಗಾಸ್ಪಾರನ ಹೆಸರಿನ ಬಟ್ಟೆ

ಸತ್ತವರಿಗೆ ಎಡೆ ಇಡುವ ದಿನ ಬಡಗಣ ಗಾಳಿ ಎದ್ದು, ಮಳೆ ಸುರಿದು, ಕಾಂಪೆಚೆ ಸೀಮೆಯ ನಮ್ಮ ಊರಿನಲ್ಲಿ ಮಧ್ಯಾಹ್ನವೇ ಕತ್ತಲಾಯಿತು. ಹೂತು ಮೂರು ವರ್ಷಕ್ಕೆ ಮೂಳೆ ಎತ್ತಿ ಪೆಟ್ಟಿಗೆಯಲ್ಲಿಟ್ಟು, ವರ್ಷಕ್ಕೊಮ್ಮೆ ಒರೆಸಿ, ಸತ್ತವರ ಹೆಸರು ಕಸೂತಿ ಹಾಕಿದ ಹೊಸ ಬಟ್ಟೆ ಹಾಸುವುದು ನಮ್ಮಲ್ಲಿ ಪದ್ಧತಿ. ಮೂಳೆ ಒರೆಸುವ ಬ್ರಶ್ಶುಗಳನ್ನು ಕೈಯಲ್ಲಿ ಹಿಡಿದೇ ಸ್ಮಶಾನದಿಂದ ಓಡಿಬಂದ ನಾವು ಏಳೆಂಟು ಜನ ಫಿದೇಲಿಯಾ ಅಜ್ಜಿಯ ಬ್ರೆಡ್ಡಿನಂಗಡಿಗೆ ನುಗ್ಗಿದೆವು. ಒಲೆಗೂಡಿನ ಕಾವಿಗೆ ಒದ್ದೆ ಬಟ್ಟೆಗಳಿಂದ ಹಬೆ ಏಳುತ್ತಿತ್ತು. ನನ್ನ ಪಕ್ಕದ ಬೆಂಚಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ತಲೆ ತಗ್ಗಿಸಿ ಏನೋ ಹೊಲಿಯುತ್ತಿದ್ದಳು. ಪ್ರತಿ ವರ್ಷ ಈ ದಿನ ಕಿಟಕಿಯಲ್ಲಿ ಒಂದು ಬ್ರೆಡ್ಡು ಯಾರಿಗೆ ಇಡುತ್ತೀರಿ ಎಂದು ಯಾರೋ ಅಜ್ಜಿಯನ್ನು ಕೆಣಕಿದರು.

"ಕೇಳ್ತೀರಾ? ಆಮೇಲೆ ಮನೆಗೆ ಹೋಗೋಕೆ ಕಾಲು ನಡುಗಿದ್ರೆ ನನ್ನ ಬೈಬೇಡಿ... ಗಾಸ್ಪಾರ್‌ಗೆ ಇಡ್ತೀನಿ. ಈ ಗೂಡಲ್ಲೇ ಕೆಲಸಕ್ಕಿದ್ದ. ಹುಟ್ಟಿದಾಗ ಹುಡುಗಿ ಅಂತ ಅಮ್ಮ ಒಂದು ಹೆಸರಿಟ್ಟಿದ್ಲು, ಆ ಹೆಸರು ನನ್ನ ಬಾಯಲ್ಲಿ ಬರಲ್ಲ, ಕೇಳಬೇಡಿ. ಹದಿನೈದಕ್ಕೆ ಜಡೆ ಕತ್ತರಿಸಿ ಇದೇ ಬೆಂಕಿಗೆ ಹಾಕಿ, ನಾನು ಗಾಸ್ಪಾರ್ ಅಂದ. ಗೂಡಿನ ಗಂಡಸರು ಎರಡು ದಿನ ನಕ್ಕು ಮೂರನೇ ದಿನ ಗಾಸ್ಪಾರ್ ಅಂತಲೇ ಕೂಗಿದ್ರು. ಅವನ ಅಮ್ಮ ದೋನ್ಯಾ ಬೆನಿಗ್ನಾ ಮಾತ್ರ ಕೂಗಲಿಲ್ಲ. ನಾನೋ... ಕೂಗಿದ್ದೇ ಕೂಗಿದ್ದು! ಹಿಂದಿನ ಕಿಟಕೀಲಿ ನನಗೆ ಬಿಸಿ ಬ್ರೆಡ್ಡು ಕೊಡೋಕೆ ಅವಸರ ಮಾಡಿ ಬಲಗೈ ಸುಟ್ಕೊಂಡ, ಮಣಿಕಟ್ಟಿನ ಮೇಲೆ ಉದ್ದ ಗಾಯ. ನೋವಾಯ್ತಾ ಅಂದ್ರೆ, ನಿನ್ನ ಗುರುತು ಬಿತ್ತು ಬಿಡೇ ಅಂದ. ಎಷ್ಟು ಪ್ರೀತಿ ಮಾಡಿದ್ದೆ ಅಂತ ಹೇಳೋಕೆ ಈ ವಯಸ್ಸಲ್ಲಿ ನನಗೇನು ನಾಚಿಕೆ?

"ಹದಿನೆಂಟಕ್ಕೆ ಜ್ವರ ಬಂತು. ಕೊನೇ ದಿನ ಅವನು ಕೇಳಿದ್ದು ಒಂದೇ... 'ಪೆಟ್ಟಿಗೆ ಬಟ್ಟೆ ಮೇಲೆ ನನ್ನ ಹೆಸರು ಹಾಕಿಸ್ತೀಯಲ್ಲ, ಫಿದೇ?' ಹೂಂ ಅಂದೆ. ಆದ್ರೆ ಮೂಳೆ ಮುಟ್ಟೋದು ರಕ್ತ ಸಂಬಂಧಿಕರೇ ತಾನೆ? ನಾನು ಯಾರು?

"ಮಣ್ಣಲ್ಲಿದ್ದ ಮೂರು ವರ್ಷ, ಈ ದಿನ, ಆ ಕಿಟಕಿಗೆ ಬಂದ. ಮೈಯೆಲ್ಲ ಹಿಟ್ಟು, ಅದೇ ನಗು. ಕೈ ಹಿಡಿದ್ರೆ ತಣ್ಣಗೆ, ಆದ್ರೆ ಅವನದೇ ಕೈ. ಆಮೇಲೆ ದೋನ್ಯಾ ಬೆನಿಗ್ನಾ ಮೂಳೆ ಎತ್ತಿಸಿ ಪೆಟ್ಟಿಗೇಲಿಟ್ಟು, ಕೆಳಗೆ ಬಿಳಿ ಬಟ್ಟೆ ಹಾಸಿದ್ಲು. ಅದರ ಮೇಲೆ ಕೆಂಪು ದಾರದಲ್ಲಿ... ಆ ಹೆಸರು. ಬಟ್ಟೆ ಮೇಲಿನ ಹೆಸರು ಹಿಡ್ಕೊಂಡೇ ಸತ್ತವರು ಮನೆ ಸೇರೋದು ಅಂತೀವಲ್ಲ, ಹಾಗಾದ್ರೆ ತಪ್ಪು ಹೆಸರಿಗೆ ಯಾರು ಬರಬೇಕು?

"ಆ ವರ್ಷ ಅವನ ಕೂದಲು ಭುಜದವರೆಗೆ ಬಂದಿತ್ತು. 'ಯಾರದೋ ಕೂದಲು ನನ್ನ ತಲೇಲಿ ಬೆಳೀತಿದೆ, ಕತ್ತರಿಸೇ' ಅಂತ ಅತ್ತ. ಕತ್ತರಿಸಿದಷ್ಟೂ ಬೆಳೀತು. ಮರುವರ್ಷ ಆ ಹೆಸರಿನದೇ ಹೊಸ ಬಟ್ಟೆ ಬಿತ್ತು, ಅವನ ದನಿ ಹೋಯ್ತು. ನಾನು 'ಗಾಸ್ಪಾರ್' ಅಂತ ಕಸೂತಿ ಹಾಕಿದ ಬಟ್ಟೆ ತಗೊಂಡು ಹೋಗಿ ಬೆನಿಗ್ನಾ ಕಾಲು ಹಿಡಿದೆ. ಅವಳು ನನ್ನ ಮೇಲೆ ರೇಗಲಿಲ್ಲ, ಅದೇ ಹೆದರಿಕೆ ಆಗಿದ್ದು. ಮೆತ್ತಗೆ ಹೇಳಿದ್ಲು, 'ನನ್ನ ಮಗಳು ಈಗ ದಿನಾ ಪಕ್ಕದಲ್ಲಿ ಕೂತು ಹೊಲಿಗೆ ಕಲೀತಾಳಮ್ಮ. ಬದುಕಿದ್ದಾಗ ಒಂದಿನಾನೂ ಕೂರಲಿಲ್ಲ. ಅವಳನ್ನ ನನ್ನಿಂದ ಕಿತ್ಕೋಬೇಡ.'

"ಅರ್ಥ ಆಯ್ತಾ? ಯಾವತ್ತೂ ಹುಟ್ಟಿರದ ಒಂದು ಹುಡುಗೀನ ಆ ತಾಯಿ ಸೂಜೀಲಿ ಹೆತ್ತಿದ್ಲು. ಅವಳು ತುಂಬಿಕೊಂಡಷ್ಟೂ ನನ್ನ ಗಾಸ್ಪಾರ್ ಖಾಲಿಯಾದ. ಅದರ ಮುಂದಿನ ವರ್ಷ ಕಿಟಕಿಗೆ ಬಂದಿದ್ದು ಜಡೆ ಹಾಕಿದ ಹುಡುಗಿ. ಗಾಸ್ಪಾರ್ ಅಂತ ಕೂಗಿದೆ. 'ನೀವ್ಯಾರು?' ಅಂದ್ಲು. ಆದ್ರೆ ಮಣಿಕಟ್ಟಿನ ಮೇಲೆ... ಆ ಸುಟ್ಟ ಗಾಯ ಇತ್ತು.

"ಬೆನಿಗ್ನಾ ಸತ್ತು ಎಷ್ಟು ಕಾಲ ಆಯ್ತು, ಅವರ ಕಡೆ ಒಂದು ನರಪಿಳ್ಳೆ ಇಲ್ಲ. ನಾನೇ ಹೋಗಿ ನನ್ನ ಬಟ್ಟೆ ಹಾಸಿ ಬಂದೆ. ಸಂಜೆಗೆ ಯಾರೋ ಅದನ್ನ ಮಡಿಚಿ ನನ್ನ ಹೊಸ್ತಿಲ ಮೇಲಿಟ್ಟಿದ್ರು. ಇವತ್ತು ಬೆಳಿಗ್ಗೆ ನೀವೂ ನೋಡಿರಬೇಕಲ್ಲ, ಸ್ಮಶಾನದ ಮೂಲೆ ಗೂಡಲ್ಲಿರೋ ಅವನ ಪೆಟ್ಟಿಗೆ? ಬಟ್ಟೆ ಹಳೇದಾಗಿ ನೂಲು ಬಿಟ್ಟಿದೆ. ನಾಳೆ ಹೊತ್ತಿಗೆ ಹೊಸದಿರುತ್ತೆ. ಯಾರು ಹೊಲೀತಾರೆ?"

ಗೂಡಿನಲ್ಲಿ ಸೌದೆ ಚಟಪಟ ಎಂದಿತು. ಪಕ್ಕದ ಹುಡುಗಿ ಕೆಂಪು ದಾರವನ್ನು ಹಲ್ಲಿನಿಂದ ಕಡಿದಳು.

"ಪ್ರತಿ ವರ್ಷ ಮಳೆ ನೆಪ ಮಾಡ್ಕೊಂಡು ಬಂದು ಆ ಬೆಂಚಲ್ಲಿ ಕೂರ್ತಾಳೆ," ಎಂದಳು ಅಜ್ಜಿ. "ನಾನು ಓಡಿಸಲ್ಲ. ಗಾಯ ಇರೋವರೆಗೂ ಅವನು ಒಳಗೆಲ್ಲೋ ಇದ್ದಾನೆ ಅಂದ್ಕೊಂಡಿದ್ದೀನಿ. ವರ್ಷ ವರ್ಷ ಅದೂ ಮಾಸ್ತಿದೆ... ನನ್ನ ಕಣ್ಣು ಮಂಜು, ತಮ್ಮ. ನೀನು ಪಕ್ಕದಲ್ಲೇ ಇದ್ದೀಯಲ್ಲ, ಆ ಬಲಗೈ ಸ್ವಲ್ಪ ನೋಡು. ಗಾಯ ಇದೆಯಾ?"

ಹುಡುಗಿ ಸೂಜಿ ನಿಲ್ಲಿಸಿ, ನನಗೆ ಚೆನ್ನಾಗಿ ಕಾಣಲೆಂದು ತಾನೇ ಕೈ ಮುಂದೆ ಚಾಚಿದಳು.

"ಇದೆ ಅಜ್ಜಿ," ಎಂದು ಸುಳ್ಳು ಹೇಳಿದೆ.