ಮೇಷ್ಟ್ರು ಕೂತ ಕೌದಿ

ಕೇಳಿ ಭಕ್ತರೇ, ಒಂದೂರಲ್ಲಿ ಒಬ್ಬ ಮೇಷ್ಟ್ರಿದ್ದರು. ಶ್ರೀಮಂತರೇನಲ್ಲ, ಆದರೆ ಚಾರ್ಟುಗಳಲ್ಲಿ ಕುಬೇರರು! ಹೃದಯದ ಚಾರ್ಟು, ಹೂವಿನ ಚಾರ್ಟು, ಹಲ್ಲಿನ ಚಾರ್ಟು. ಅವರ ಶಾಲೆಯ ಮಕ್ಕಳೆಲ್ಲ ಸಿದ್ದಿಗಳು. ಆ ಮಕ್ಕಳ ಹಿರಿಯರನ್ನು ಆಫ್ರಿಕಾದಿಂದ ಹಡಗಿಗೆ ತುಂಬಿ ತಂದು ಗೋವೆಯಲ್ಲಿ ಮಾರಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದ್ದರು. ನೋಡಿ, ಅದರ ಚಾರ್ಟು ಮಾತ್ರ ಯಾವ ಅಂಗಡಿಯಲ್ಲೂ ಇರಲಿಲ್ಲ.

ಒಂದು ದಿನ ಒಬ್ಬ ಹುಡುಗಿ ಎದ್ದು, "ಸರ್, ಪುಸ್ತಕದಾಗ ನಮ್ಮೋರು ಎಲ್ಲಿ ಅದಾರ್ರಿ?" ಎಂದು ಕೇಳಿಬಿಟ್ಟಳು. ಮೇಷ್ಟ್ರು ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ತಿರುವಿದರು, ಮುಂದಿನಿಂದ ಹಿಂದಕ್ಕೆ ತಿರುವಿದರು. ಎಲ್ಲೂ ಇಲ್ಲ. ಬಹಳ ನಾಚಿಕೆಯಾಯಿತು. "ನಾಳೆ ಹೇಳ್ತೀನಿ" ಎಂದು ಮಾತು ಕೊಟ್ಟು, ಸಂಜೆಯೇ ಊರವರ ಚರಿತ್ರೆ ಬರೆದುಕೊಳ್ಳುವ ಒಂದು ಫಾರಂ ಹಿಡಿದು ಹುಡುಗಿಯ ಮನೆಗೆ ಹೋದರು. ಜಗಲಿಯ ಮೇಲೆ ಒಂದು ಕೌದಿ ಮಡಚಿಟ್ಟಿತ್ತು, ಹಳೇ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದದ್ದು. ಮೆತ್ತಗೆ ಕಂಡಿತು. ಅದರ ಮೇಲೇ ಕೂತರು. ಒಳಗಿನಿಂದ ಹುಡುಗಿಯ ಅಜ್ಜಿ ಬಂದಳು.

"ಅಜ್ಜಿ, ನಿಮ್ಮ ಹಿರಿಯರು ಬಂದದ್ದಕ್ಕೆ ದಾಖಲೆ ಏನಿದೆ?"

"ಐತಿ. ಏಳ್ರಿ ಮಾಸ್ತರ್ರ, ತೋರಿಸ್ತೇನಿ."

"ಏಳೋದ್ಯಾಕೆ? ಕೂತೇ ಬರ್ಕೊಳ್ತೀನಿ. ದಾಖಲೆ ಹೇಳಿ."

"ಮೊದಲ ಏಳ್ರಿ ಅಂತೇನಿ!"

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದವರನ್ನು ಎಬ್ಬಿಸಿ ಕಳಿಸುವುದೇ? ಫಾರಂನಲ್ಲಿ 'ದಾಖಲೆ ಇಲ್ಲ' ಎಂದು ಬರೆದೇಬಿಟ್ಟರು. ಆಗ ಹುಡುಗಿ ಮೆಲ್ಲಗೆ ಹೇಳಿದಳು: "ಸರ್, ನೀವು ಅಜ್ಜಿಯ ಮುತ್ತಜ್ಜನ ಮ್ಯಾಲೆ ಕೂತೀರಿ."

ಮೇಷ್ಟ್ರು ಜಿಗಿದ ಜಿಗಿತಕ್ಕೆ ಪೆನ್ನು ಹೋಗಿ ಕೋಳಿಬುಟ್ಟಿಗೆ ಬಿತ್ತು.

ಅಜ್ಜಿ ಕೌದಿ ಬಿಡಿಸಿ ಹಾಸಿದಳು. "ಇದು ನಮ್ಮವ್ವನ ಸೀರಿ. ಈ ನಡುವಿಂದು, ನಮ್ಮ ಮುತ್ತಜ್ಜ ದಣೀ ಮನಿಯಿಂದ ಓಡಿ ಬಂದ ದಿನ ಮೈಮ್ಯಾಗಿದ್ದ ಅಂಗಿ. ಕೌದಿ ಹರಿದಾಗೆಲ್ಲ ಹೊಸಾದು ಹೊಲೀತೀವಿ. ಈ ತುಂಡು ಮಾತ್ರ ಬಿಡಂಗಿಲ್ಲ."

ಮೇಷ್ಟ್ರು ಕಣ್ಣೊರೆಸಿಕೊಂಡರು. ಮರುದಿನ ಹಲ್ಲಿನ ಚಾರ್ಟು ಕೆಳಗಿಳಿಯಿತು, ಕೌದಿ ಗೋಡೆ ಏರಿತು. ಕುರ್ಚಿಯಲ್ಲಿ ಅಜ್ಜಿ, ನೆಲದ ಮೇಲೆ ಮಕ್ಕಳ ಜೊತೆ ಮೇಷ್ಟ್ರು. ಹುಡುಗಿ ಆ ತುಂಡಿನ ಮೇಲೆ ಅಂಗೈಯಿಟ್ಟು ಹೇಳಿದಳು: "ನಮ್ಮೋರು ಇಲ್ಲಿ ಅದಾರ್ರಿ ಸರ್!"

ಮೇಷ್ಟ್ರನ್ನು ನೋಡಿ ನಕ್ಕಿರಲ್ಲ, ನಾವೇನು ಕಡಿಮೆ? ನಿಮ್ಮ ಮನೆಯ ಗೋಡೆ ಕಟ್ಟಿದವರ ಅಜ್ಜಂದಿರು ಎಲ್ಲಿಯವರು? ಅಂಗಳ ಗುಡಿಸುವಾಕೆಯ ಅಜ್ಜಿಯ ಹೆಸರೇನು? ಕೇಳಿದ್ದೀರಾ? ಕೇಳಿಲ್ಲ. ಕೇಳದೆಯೇ 'ಇಲ್ಲ' ಎಂದು ಬರೆದುಬಿಟ್ಟಿದ್ದೇವೆ. ನಾಳೆಯಿಂದ ಅವರನ್ನು ಕೂರಿಸಿ, ನಿಮ್ಮ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿ, ಕೇಳಿ. ಆದರೆ ಮೊದಲು ನೀವು ಏಳಿ.

ಅಯ್ಯೋ, ಈಗಲ್ಲ ತಾಯಿ, ಕೂತ್ಕೊಳ್ಳಿ! ಪ್ರಸಾದ ಇನ್ನೂ ಬಂದಿಲ್ಲ. ಬಡಿಸುವವರು ಬರುತ್ತಾರೆ. ಅವರಿಂದಲೇ ಶುರು ಮಾಡಿ.