ಕಳಕಮ್ಮನ ಹೆಸರಿನ ಮುಂದೆ ನಾನು ಬರೆದ ‘ಇಲ್ಲ’

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಪತ್ರಕರ್ತ ಮಿತ್ರರೇ, ಗಿಣಿಗೇರಾ, ಇರಕಲ್ಲಗಡದಿಂದ ಈ ಬಿಸಿಲಿನಲ್ಲಿ ಕೊಪ್ಪಳದವರೆಗೆ ಬಂದ ಸಭಿಕರೇ,

ಮೂವತ್ತು ವರ್ಷ ಬೇರೆಯವರ ಸನ್ಮಾನದ ವರದಿ ಬರೆದವನಿಗೆ ಇಂದು ನೀವೇ ಶಾಲು ಹೊದಿಸಿದ್ದೀರಿ. ಏಪ್ರಿಲ್ ತಿಂಗಳಲ್ಲಿ ಕೊಪ್ಪಳದಲ್ಲಿ ಉಣ್ಣೆಯ ಶಾಲು ಹೊದಿಸುವುದು ಸನ್ಮಾನವೋ ಶಿಕ್ಷೆಯೋ ಎಂದು ನಾನು ಕೇಳುವುದಿಲ್ಲ. ಅಭಿನಂದನಾ ಪತ್ರ ಓದಿದ ಮಹೇಶ್ವರಿಯವರು ನನ್ನ ಒಂದು ಲೇಖನವನ್ನು ವಿಶೇಷವಾಗಿ ಹೊಗಳಿದರು. 2003ರಲ್ಲಿ ಬರೆದದ್ದು. ‘ತಂಬಾಕು ಮುಟ್ಟದ ಬಾಯಿಗೂ ಕ್ಯಾನ್ಸರ್: ತಜ್ಞರ ಲೆಕ್ಕ ತಪ್ಪು’ ಎಂಬ ಲೇಖನ. ನಾನು ಮಾತನಾಡಬೇಕಾದದ್ದು ಅದರ ಬಗ್ಗೆಯೇ.

ಸಂಶಯಪಡುವುದು ಪತ್ರಕರ್ತನ ಧರ್ಮ. ಇಂದಿಗೂ ಹಾಗೇ ನಂಬಿದ್ದೇನೆ. ಆ ವರ್ಷ ಡಾಕ್ಟರ್ ಪಂಪಾವತಿ ಎಂಬುವವರು ಇರಕಲ್ಲಗಡದ ಸುತ್ತಮುತ್ತ ಹೆಣ್ಣುಮಕ್ಕಳ ಬಾಯಿ ಪರೀಕ್ಷಿಸಿ, ತಂಬಾಕಿನಿಂದ ಆಗುವ ಅಪಾಯದ ವರದಿ ಕೊಟ್ಟರು. ಕೆಲವು ಪತ್ರಿಕೆಗಳು ‘ಅರ್ಧ ಊರಿಗೆ ಕ್ಯಾನ್ಸರ್’ ಎಂದು ಬರೆದವು. ಆ ಡಾಕ್ಟರಮ್ಮ ಹಾಗೆ ಹೇಳಿರಲೇ ಇಲ್ಲ. ಸಿಟ್ಟು ಬರಬೇಕಾದದ್ದು ಹಾಗೆ ಬರೆದವರ ಮೇಲೆ. ನಾನು ಡಾಕ್ಟರ ಮೇಲೆ ತೀರಿಸಿಕೊಂಡೆ. ನಮ್ಮ ಅಜ್ಜ ತಂಬಾಕು ಜಗಿಯುತ್ತಲೇ ತೊಂಬತ್ತೆರಡು ವರ್ಷ ಬದುಕಿದ್ದ. ಒಬ್ಬ ಅಜ್ಜನ ಆಯುಷ್ಯವೇ ನನಗೆ ಸಂಶೋಧನೆಯಾಗಿಬಿಟ್ಟಿತು!

ನೋಟ್‌ಬುಕ್ ಹಿಡಿದು ನೂರಾ ಹನ್ನೆರಡು ಮನೆ ತಿರುಗಿದೆ. ‘ತಂಬಾಕ ತಿಂತೀರೇನ್ರಿ ಯವ್ವಾ?’ ಎಂದು ಕೇಳಿದೆ. ‘ಅಯ್ಯ, ಇಲ್ರೀ ಯಪ್ಪಾ!’ ಎಂದರು. ಹೆಚ್ಚುಕಡಿಮೆ ಎಲ್ಲರದೂ ಅದೇ ಉತ್ತರ. ಅವರಲ್ಲಿ ನಾಲ್ವರಿಗೆ ಬಾಯಿ ಕ್ಯಾನ್ಸರ್ ಇತ್ತು. ಇನ್ನೇನು ಬೇಕು? ಬರೆದೆ.

ಲೇಖನ ಬಂದ ವಾರದಲ್ಲೇ ಡಾಕ್ಟರು ನಮ್ಮ ಕಚೇರಿಗೆ ಬಂದರು. ಜಗಳ ಮಾಡಲಿಲ್ಲ, ಒಂದೇ ಮಾತು ಕೇಳಿದರು. ‘ಕೊಟ್ರಪ್ಪನವರ, ಮುಂಜಾನೆ ಎದ್ದು ಹಲ್ಲು ಯಾತರ್ಲೆ ತಿಕ್ಕೋತೀರಿ ಅಂತ ಕೇಳಿದ್ರೇನ್ರಿ?’

ಸಭಿಕರೇ, ನಿಮಗೆ ಗೊತ್ತು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಬೆಳಿಗ್ಗೆ ಬಚ್ಚಲಲ್ಲಿ ಕೂತು ಹಲ್ಲಿಗೆ ತಪಕೀರ ತಿಕ್ಕುತ್ತಾರೆ. ಅದು ನುಣ್ಣಗೆ ಪುಡಿ ಮಾಡಿದ ತಂಬಾಕೇ. ಆದರೆ ಮನೆಯಲ್ಲಿ ಯಾರೂ ಅದನ್ನು ಚಟ ಎನ್ನುವುದಿಲ್ಲ, ಹಲ್ಲುನೋವಿನ ಔಷಧ ಎನ್ನುತ್ತಾರೆ. ಔಷಧವನ್ನು ಯಾರು ಚಟವೆಂದು ಬರೆಸುತ್ತಾರೆ? ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನ ನೋಟ್‌ಬುಕ್ಕಿನ ಮೊದಲ ಹೆಸರು ನನ್ನ ಅಕ್ಕ ಕಳಕಮ್ಮನದು. ಆ ಹೆಸರಿನ ಮುಂದೆ ‘ಇಲ್ಲ’ ಎಂದು ಬರೆದವನು ನಾನು. ವಾರವಾರ ಮರ್ದಾನಸಾಬರ ಅಂಗಡಿಯಿಂದ ಆಕೆಗೆ ತಪಕೀರದ ಡಬ್ಬಿ ತಂದುಕೊಡುತ್ತಿದ್ದವನೂ ನಾನೇ. ಅವ್ವ ತೀರಿದ ಮೇಲೆ ನನ್ನನ್ನು ಸಾಕಿದವಳು ಆಕೆ.

ಕ್ಷಮಿಸಿ. ಇದನ್ನು ನಾನು ಬರೆದುಕೊಂಡು ಬಂದಿರಲಿಲ್ಲ.

ಡಾಕ್ಟರಿಗೆ ನಾನು ಕೊಟ್ಟ ಉತ್ತರ ಇಷ್ಟೇ: ‘ಬರದದ್ದು ಬರದಾತು ಬಿಡ್ರಿ ಮೇಡಂ.’ ತಿದ್ದುಪಡಿ ಹಾಕಿದರೆ ನನ್ನ ಮರ್ಯಾದೆ ಹೋಗುತ್ತದೆ ಎಂಬ ಭಯ. ಮರುವರ್ಷ ಅವರೇ ಶಿಬಿರದಲ್ಲಿ ಅಕ್ಕನ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡು, ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಗೆ ಹೋಗಲು ಚೀಟಿ ಬರೆದುಕೊಟ್ಟರು. ಅಕ್ಕ, ‘ನಿಮ್ಮ ಲೆಕ್ಕ ತಪ್ಪೈತಿ ಅಂತ ನನ್ನ ತಮ್ಮ ಪೇಪರ್‌ನ್ಯಾಗ ಬರದಾನ್ರೀ’ ಎಂದು ಹೆಮ್ಮೆಯಿಂದ ಹೇಳಿ ಎದ್ದು ಬಂದಳಂತೆ. ಹದಿನಾಲ್ಕು ತಿಂಗಳು ತಡವಾಗಿ ಹೋದಾಗ ದವಡೆ ತೆಗೆದರು. ಮಾತು ಹೋಯಿತು.

ಆಸ್ಪತ್ರೆಯ ಮಂಚದ ಪಕ್ಕ ಕೂತು, ‘ಯಕ್ಕಾ, ನಾ ಬರದದ್ದು ತಪ್ಪೈತಿ’ ಎಂದೆ. ಆಕೆ ಅಳಲಿಲ್ಲ. ನನ್ನ ಅಂಗೈ ಎಳೆದುಕೊಂಡು ಅದರ ಮೇಲೆ ಬರೆಯುವಂತೆ ಬೆರಳಾಡಿಸಿದಳು. ಅಕ್ಷರ ಬಾರದ ಅಕ್ಕ, ‘ಹಂಗಾರ ಬರಿ’ ಎಂದು ಹೇಳುತ್ತಿದ್ದಳು. ‘ಬರೀತೀನಿ’ ಎಂದೆ. ಬರೆಯಲಿಲ್ಲ. 2006ರಲ್ಲಿ ತೀರಿಕೊಂಡಳು. ಆಮೇಲೂ ಬರೆಯಲಿಲ್ಲ. ಹನ್ನೆರಡು ವರ್ಷವಾಯಿತು.

ಪತ್ರಕರ್ತ ಮಿತ್ರರೇ, ಇಂದಿನ ಸನ್ಮಾನದ ಸುದ್ದಿ ಬಿಡಿ, ನಾಳಿನ ಪತ್ರಿಕೆಗೆ ಇದನ್ನು ಬರೆದುಕೊಳ್ಳಿ. ‘ತಂಬಾಕು ಮುಟ್ಟದ ಹೆಣ್ಣುಮಕ್ಕಳು ಎಂದು ಕೊಟ್ರಪ್ಪ ಬರೆದದ್ದು ಸುಳ್ಳು. ತಪಕೀರ ತಂಬಾಕೇ. ಅದು ಆತನಿಗೆ ಬರೆಯುವಾಗಲೇ ಗೊತ್ತಿತ್ತು. ಬಾಯಲ್ಲಿ ಬಿಳಿ ಮಚ್ಚೆ ಕಂಡವರು ಆತನ ಮಾತು ನಂಬಿ ಮನೆಯಲ್ಲಿ ಕೂರಬಾರದು.’ ಹೆಸರು ಪೂರ್ತಿ ಹಾಕಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.