ಟೈರೋ, ಬಣ್ಣವೋ

ಸ್ಕೂಟರಿಗೆ ಪಂಕ್ಚರ್ ಹಾಕಿಸಲು ಬಂದಿದ್ದ ಟೈಲರಮ್ಮ ಟೈರ್ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳು. ಎದುರಿಗೆ ಮಾವ, ಸೊಸೆ ಇಬ್ಬರೂ ಆಗಷ್ಟೇ ಕೊಂಡು ತಂದ ಹಳೇ ಲಾರಿಯ ಸುತ್ತ ಸುತ್ತುತ್ತಿದ್ದರು. ಅವಳ ಕಿವಿ ತಾನಾಗಿ ಅತ್ತ ಹೊರಳಿತು.

“ಲಾರಿ ಮಾರಿದೋನು ಅಗ್ಗದ ಟೈರ್ ಹಾಕಿ ನಮಗೆ ಸಾಗಹಾಕಿದಾನೆ ಕಣಮ್ಮ. ಬದಲಾಯಿಸಿಬಿಡೋಣ.”

“ಹೊಸದಾಗೇ ಇದಾವಲ್ಲ ಮಾವ. ಸವೆಯೋವರೆಗೂ ಓಡಿಸೋಣ.”

“ಒದ್ದೆ ರಸ್ತೇಲಿ ಬ್ರೇಕ್ ಹಾಕಿದ್ರೆ ಜಾರುತ್ತೆ.”

“ಬೋಳು ಟೈರಲ್ಲೇ ಘಟ್ಟ ಇಳಿಸ್ತಿದ್ದೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೋರು ನೀವು.”

“ಆಗ ಸ್ಟೀರಿಂಗ್ ಹಿಡೀತಿದ್ದೋನು ನಾನು. ಈಗ ಹಿಡಿಯೋಳು ನೀನು.”

ಸೊಸೆ ಬಗ್ಗಿ ಮುಂದಿನ ಟೈರನ್ನು ಬೆರಳಿಂದ ಒತ್ತಿ ನೋಡಿದಳು.

“ಹಾಗಾದ್ರೆ ಬಣ್ಣ ಹೊಡೆಸೋದು ಮುಂದಕ್ಕೆ ಹೋಗುತ್ತೆ.”

“ಹೋಗ್ಲಿ ಬಿಡು. ಬಣ್ಣ ನೋಡಿ ಯಾರೂ ಲೋಡ್ ಕೊಡಲ್ಲ.”

“ಅತ್ತೆಗೆ ನೀವೇ ಹೇಳ್ಬೇಕು. ಹಸಿರು ಬಣ್ಣ ಆರಿಸಿಟ್ಟಿರೋದು ಅವರೇ.”

ಮಾವ ಗಡ್ಡ ಕೆರೆದುಕೊಂಡರು. “ಮೊದಲು ಟೈರ್ ಹಾಕಿಸೋಣ. ಆಮೇಲೆ ಹೇಳಿದ್ರಾಯ್ತು.”

ಅಂಗಡಿಯವನು ಸ್ಕೂಟರನ್ನು ಮೂಲೆಗೆ ಸರಿಸಿ ಲಾರಿಗೆ ಜಾಕ್ ಕೊಟ್ಟ. ಟೈಲರಮ್ಮನಿಗೆ ಯಾಕೋ ಬೇಸರವೇ ಆಗಲಿಲ್ಲ.

ಹೊರಡುವಾಗ ಮಾವ ಹಳೇ ಅಭ್ಯಾಸದಿಂದ ಡ್ರೈವರ್ ಬಾಗಿಲಿಗೇ ಕೈ ಹಾಕಿದರು. ಸೊಸೆ ಬೀಗದಕೈ ಆಡಿಸುತ್ತ ನಿಂತಳು.

“ಮಾವ, ನಿಮ್ಮ ಸೀಟು ಆ ಕಡೆ.”

“ಗೊತ್ತು ಕಣಮ್ಮ, ನಿನಗೆ ಬಾಗಿಲು ತೆಗೀತಿದ್ದೆ,” ಎಂದು ನಗುತ್ತ ಅವರು ಬಳಸಿಕೊಂಡು ಹೋಗಿ ಹತ್ತಿ ಕೂತರು. ಲಾರಿ ಉದ್ದಕ್ಕೆ ಹಾರನ್ ಹೊಡೆದು ರಸ್ತೆಗಿಳಿಯಿತು.